ಮೀಸೆ ಹೇಳಿದ ಸಾಕ್ಷಿ

ಬಾಲಚಂದ್ರ ಗಗನಾಳನ್ನು ಮೊಟ್ಟಮೊದಲು ನೋಡಿದ್ದು ಮೀನಿನ ಮಂಡಿಯಲ್ಲಿ. ಹನ್ನೆರಡು ವರ್ಷದ ಹಿಂದಿನ ಡಿಸೆಂಬರು, ಬುಧವಾರ, ಬೆಳಗಿನ ಏಳೂಕಾಲು. ಕಾಶಿಯ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೀನು ಮಾರುವವರ ಕೂಗು ಕೇಳಿಸುತ್ತಿತ್ತೇ ಹೊರತು ಮಾರುವವರು ಕಾಣಿಸುತ್ತಿರಲಿಲ್ಲ. ಬಾಲಚಂದ್ರ ಮಫ್ಲರನ್ನು ಮೂಗಿನ ಮೇಲೆ ಎರಡು ಸುತ್ತು ಸುತ್ತಿದ್ದ. ಎಡಗೈಯಲ್ಲಿ ಥರ್ಮಾಕೋಲ್ ಪೆಟ್ಟಿಗೆ, ಬಲಗೈಗೆ ರಬ್ಬರಿನ ಗವಸು, ಹಣೆಯ ಮೇಲೆ ಮೂರೆಳೆ ವಿಭೂತಿ. ಬಾಂಬು ನಿಷ್ಕ್ರಿಯಗೊಳಿಸಲು ಬಂದ ಜಂಗಮನ ಹಾಗೆ ಕಾಣುತ್ತಿದ್ದರು ಎಂದು ಗಗನಾ ಇಂದಿಗೂ ಹೇಳುತ್ತಾಳೆ.

ಅವನು ರೋಣ ತಾಲ್ಲೂಕಿನ ಒಂದು ಹಳ್ಳಿಯ ಹುಡುಗ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಸಂಶೋಧನೆಗೆಂದು ಕಾಶಿಯ ವಿಶ್ವವಿದ್ಯಾಲಯಕ್ಕೆ ಬಂದರೆ ಗೈಡು ಕೊಟ್ಟ ವಿಷಯ ಇದು: ಮೀನಿನೊಳಗೆ ಪಾದರಸ, ಸೀಸ, ಕ್ಯಾಡ್ಮಿಯಂ ಎಷ್ಟಿರುತ್ತದೆ, ತಿಂದವರಿಗೆ ಏನಾಗುತ್ತದೆ. (ಅವನು ಕೇಳಿದ್ದು ಮಣ್ಣಿನ ವಿಷಯ. ಮಣ್ಣು ಆಗಲೇ ಬೇರೆಯವರ ಪಾಲಾಗಿತ್ತು.) ಅಲ್ಲಿಯವರೆಗೆ ಅವನು ಮೀನು ನೋಡಿದ್ದು ಎರಡನೆಯ ತರಗತಿಯ ಪುಸ್ತಕದಲ್ಲಿ, ಅದೂ ನಗುತ್ತಿದ್ದ ಮೀನು.

"ಭೈಯಾ, ಯೇ ವಾಲಾ," ಎಂದು ಒಂದು ದಪ್ಪ ಮೀನಿನ ಬಾಲಕ್ಕೆ ಬೆರಳು ತಾಗಿಸಿದ. ಮೀನು ಐಸಿನ ಮೇಲೆ ಜಾರಿ ಅವನತ್ತಲೇ ಬಂತು.

"ಅಯ್ಯಯ್ಯೋ ಶಿವನ!"

ಮಂಜಿನೊಳಗಿಂದ ಕನ್ನಡ ಬಂತು. "ಹ್ವಾಯ್, ಅದನ್ನ್ ಬಿಡಿ. ಅದ್ ಸತ್ತ್ ನಾಕ್ ದಿನ ಆಯ್ತ್."

ಕನ್ನಡದ ಹಿಂದೆ ಬಿಳಿ ಬೂಟು ಬಂತು, ಕಂದು ಸ್ವೆಟರು ಬಂತು, ಕೊನೆಗೆ ತುರುಬಿಗೆ ನೀಲಿ ಪೆನ್ನು ಸಿಕ್ಕಿಸಿಕೊಂಡ ಒಬ್ಬ ನರ್ಸು ಬಂದಳು. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ನೇರ ಮಂಡಿಗೆ ಬಂದಿದ್ದಳು. ಊರು ಗಂಗೊಳ್ಳಿ, ಕಡಲಿಗೂ ಅವರ ಅಂಗಳಕ್ಕೂ ನಡುವೆ ಒಂದು ದೋಣಿ ಮಾತ್ರ. ಪೆನ್ನು ಕಿತ್ತು ಅದರ ತುದಿಯಿಂದಲೇ ಮೀನಿನ ಕಿವಿರು ಎತ್ತಿ ತೋರಿಸಿದಳು.

"ಕಾಣಿ, ಕಂದು ಆಯಿತ್. ಕೆಂಪ್ ಇರ್ಕ್."

"ತಿನ್ನಾಕ ಅಲ್ರಿ," ಎಂದ ಬಾಲಚಂದ್ರ ಮಫ್ಲರಿನೊಳಗಿಂದ. "ಇದರಾಗ ವಿಷ ಐತೇನು ಅಂತ ನೋಡಾಕ."

"ಕೊಳೆತ ಮೀನಲ್ಲಿ ವಿಷ ಹುಡ್ಕುಕೆ ಪಿಎಚ್‌ಡಿ ಬೇಕಾ?"

ಬಾಲಚಂದ್ರ ಅದನ್ನು ಬಿಟ್ಟು ಅವಳು ತೋರಿಸಿದ ಮೀನನ್ನು ಪೆಟ್ಟಿಗೆಗೆ ಹಾಕಿಕೊಂಡ. ಮುಂದಿನ ಎರಡು ಚಳಿಗಾಲ ಅವನ ಮಾದರಿ ಮೀನುಗಳನ್ನೆಲ್ಲ ಅವಳೇ ಆರಿಸಿಕೊಟ್ಟಳು. ಮೂರನೆಯ ಚಳಿಗಾಲಕ್ಕೆ ಮದುವೆಯಾಯಿತು.

ಮದುವೆಗೆ ಎರಡೂ ಕಡೆಯಿಂದ ಒಂದೊಂದೇ ಷರತ್ತು. ಅವನ ಅಪ್ಪ, "ಆಕಿ ಏನರ ತಿನ್ನಲಿ, ನಿನ್ನ ತಾಟಿನ್ಯಾಗ ಬೀಳಬಾರದು ನೋಡಪಾ," ಎಂದರು. ಅವಳ ಅಮ್ಮ, "ಮಗಳಿಗೆ ಮೀನ್ ಬಿಡ್ ಅಂದ್ರೆ ನಾ ರೈಲ್ ಹತ್ತಿ ಬತ್ತೆ," ಎಂದರು. ಅದರಂತೆ ಗೋದೌಲಿಯಾದ ಹಿಂದಿನ ಗಲ್ಲಿಯ ಬಾಡಿಗೆ ಮನೆಯಲ್ಲಿ ಎರಡು ಒಲೆ, ಎರಡು ಬಾಣಲೆ, ಎರಡು ಸೌಟುಗಳ ಸಂವಿಧಾನ ಜಾರಿಗೆ ಬಂತು. ಬಾಲಚಂದ್ರ ರೊಟ್ಟಿ ಪಲ್ಯ ಉಂಡ. ಗಗನಾ ಮೀನು ಉಂಡಳು. ಮಗಳು ನೇಹಾ ಹುಟ್ಟಿ, ಎರಡೂ ಕಡೆ ತಿಂದಳು.

ಸಂವಿಧಾನಕ್ಕೆ ಮೊದಲ ಧಕ್ಕೆ ಬಂದಿದ್ದು ಎಂಟು ವರ್ಷದ ಹಿಂದೆ, ಒಂದು ಭಾನುವಾರ. ಗಗನಾ ಕೂಸಿಗೆ ಎಣ್ಣೆ ನೀರು ಹಾಕಲು ಹೋಗುವಾಗ, "ಆ ಅಂಜಲ್ ಸೀಯದ ಹಾಂಗೆ ಕಾಣ್ಕಣಿ," ಎಂದು ಹೇಳಿ ಹೋದಳು. ಬಾಣಲೆಯಲ್ಲಿ ಹುರಿಯುತ್ತಿದ್ದ ಅಂಜಲ್ ಮೀನಿನ ತುಂಡುಗಳನ್ನು ಬಾಲಚಂದ್ರ ನೋಡಿಕೊಂಡ. ಒಮ್ಮೆ ಮಗುಚಿದ. ಮಸಾಲೆ ಎಲ್ಲ ಕಡೆ ಕೂತಿದೆಯೇ ಎಂದು ಬೆರಳಿಗೆ ಹಚ್ಚಿಕೊಂಡು ಪರೀಕ್ಷಿಸಿದ. ಬೆರಳನ್ನು ಎಲ್ಲಿಗಾದರೂ ಒರೆಸಲೇಬೇಕಲ್ಲ, ನಾಲಿಗೆಗೆ ಒರೆಸಿದ. ಆಮೇಲೆ ಏನಾಯಿತೆಂದು ಅವನಿಗೇ ಸರಿಯಾಗಿ ತಿಳಿಯದು. ಎಚ್ಚರವಾದಾಗ ಬಾಣಲೆಯಲ್ಲಿ ನಾಲ್ಕಿದ್ದ ತುಂಡು ಎರಡಾಗಿತ್ತು. ಮುಚ್ಚಳ ಮುಚ್ಚಿಟ್ಟು ದೂರ ಸರಿದ.

ಗಗನಾ ಬಂದು ನೋಡಿದಳು. ಕಿಟಕಿಯಲ್ಲಿ ಮನೆ ಮಾಲೀಕರ ಬೂದು ಬೆಕ್ಕು ಕೂತಿತ್ತು. (ಕಾಶಿಯಲ್ಲಿ ಮಕ್ಕಳೆಲ್ಲ ಬೆಕ್ಕಿಗೆ ಮೌಸಿ ಎನ್ನುತ್ತಾರೆ, ಅಂದರೆ ಚಿಕ್ಕಮ್ಮ. ಆದ್ದರಿಂದ ಇದರ ಹೆಸರೂ ಮೌಸಿ.)

"ಹಾಳ್ ಬೆಕ್ಕ್!" ಎಂದಳು ಗಗನಾ.

ಬಾಲಚಂದ್ರ ಸುಳ್ಳು ಹೇಳಲಿಲ್ಲ. ಅವನು ಏನನ್ನೂ ಹೇಳಲಿಲ್ಲ, ಅಷ್ಟೆ.

ಅಂದಿನಿಂದ ಭಾನುವಾರಗಳಿಗೆ ಒಂದು ಕ್ರಮ ಬಂತು. ಐಸು ಪೆಟ್ಟಿಗೆಯಲ್ಲಿ ರೈಲು ಹತ್ತಿ ಬರುವ ಸಮುದ್ರದ ಮೀನನ್ನು ಗಗನಾ ಮಂಡಿಯಿಂದ ತರುವಳು: ಒಂದಿಷ್ಟು ಸಣ್ಣ ಬಂಗುಡೆ, ದೊಡ್ಡ ಮೀನಾದ ಅಂಜಲಿನ ನಾಲ್ಕು ತುಂಡು. ಹುರಿದು ಮುಚ್ಚಳ ಮುಚ್ಚಿ ಸ್ನಾನಕ್ಕೆ ಹೋಗುವಳು. ಬಾಲಚಂದ್ರ ಹಣೆಯ ವಿಭೂತಿ ಒರೆಸಿಕೊಂಡು, ಒಲೆಯ ಮುಂದೆ ನಿಂತೇ ಎರಡು ತುಂಡು ತಿಂದು, ಕೈ ತೊಳೆದು, ಮತ್ತೆ ವಿಭೂತಿ ಹಚ್ಚಿಕೊಳ್ಳುವನು. ತಾಟಿನಲ್ಲಿ ಹಾಕಿಕೊಳ್ಳದ ಕಾರಣ ಅಪ್ಪನ ಷರತ್ತು ಅಕ್ಷರಶಃ ಊರ್ಜಿತದಲ್ಲಿತ್ತು. ಉಳಿದೆರಡು ತುಂಡನ್ನು ತಾಯಿ ಮಗಳು ಹಂಚಿಕೊಂಡು ಬಂಗುಡೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುವರು. ಬಂಗುಡೆಯನ್ನು ಅವನು ಮುಟ್ಟುತ್ತಿರಲಿಲ್ಲ. ಅದು ಸಂಯಮವಲ್ಲ, ಮುಳ್ಳು. ಜೋಳದ ರೊಟ್ಟಿಯ ಮೇಲೆ ಬೆಳೆದ ನಾಲಿಗೆಗೆ ಮುಳ್ಳು ಬಿಡಿಸುವ ವಿದ್ಯೆ ಬರುವುದಿಲ್ಲ. ಅಂಜಲಿನಲ್ಲಿ ನಡುವೆ ಒಂದೇ ಎಲುಬು, ಅದೂ ಸಂಭಾವಿತ ಎಲುಬು.

ಇಷ್ಟಕ್ಕೆ ನಿಂತಿದ್ದರೆ ಕಾಶಿಯಲ್ಲಿ ಇನ್ನೊಂದು ಪಾಪ ಯಾರಿಗೂ ಭಾರವಾಗುತ್ತಿರಲಿಲ್ಲ. ಆದರೆ ಬಾಲಚಂದ್ರ ವಿಜ್ಞಾನಿ, ಈಗ ಪ್ರಾಧ್ಯಾಪಕ ಬೇರೆ. ಈ ವರ್ಷದ ಜೂನ್‌ನಲ್ಲಿ ಮಂಡಿಯ ದೊಡ್ಡ ಸಮುದ್ರ ಮೀನುಗಳನ್ನು ಪರೀಕ್ಷಿಸಿದಾಗ ಕೆಲವುದರಲ್ಲಿ ಪಾದರಸ ಮಿತಿ ಮೀರಿತ್ತು. ಮಕ್ಕಳ ಮಿದುಳಿಗೆ, ನರಗಳಿಗೆ ಇದು ಒಳ್ಳೆಯದಲ್ಲ ಎಂದು ಅವನೇ ಹದಿನಾಲ್ಕು ಕಡೆ ಬರೆದಿದ್ದಾನೆ. ಮನೆಯಲ್ಲಿ ಒಂಬತ್ತು ವರ್ಷದ ಮಗಳು. ಆ ದಿನ ಅವನಿಗೆ ನಿಜವಾಗಿಯೂ ಊಟ ಸೇರಲಿಲ್ಲ. ಮನೆಯಲ್ಲಿ ಮೀನೇ ಇಲ್ಲವಾದರೆ ತಾನೂ ಒಳ್ಳೆಯವನಾಗಿಬಿಡಬಹುದು ಎಂಬ ದುರಾಸೆಯೂ ಮೂಲೆಯಲ್ಲಿ ಕೂತಿತ್ತು.

"ಇವತ್ತಿನಿಂದ ಈ ಮನ್ಯಾಗ ಮೀನ ಬಂದ್," ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಘೋಷಿಸಿದ.

"ಎಂತಕೆ?"

"ಪಾದರಸ! ಸಣ್ಣ ಮೀನ ಒಂದಿಷ್ಟು ನುಂಗತೈತಿ. ಅಂಥಾ ನೂರು ಮೀನ ದೊಡ್ಡದು ನುಂಗತೈತಿ. ಅದನ್ನ ನೀ ನುಂಗತಿ. ಎಲ್ಲಾ ಬಂದು ನಿನ್ನ ಕೂದಲಾಗ ಕುಂಡ್ರತೈತಿ. ಕೂದಲ ಅಂದ್ರ ದಫ್ತರ ಇದ್ದಂಗ, ತಿಂದದ್ದೆಲ್ಲಾ ಬರಕೊಂಡಿರತದ."

ಗಗನಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ಹಂಗಾರೆ ದಫ್ತರ ತೆಗ್ಸಿ."

"ಏನು?"

"ನನ್ನ್ ಕೂದ್ಲ್, ನೇಹಾನ್ ಕೂದ್ಲ್ ಪರೀಕ್ಷೆ ಮಾಡ್ಸಿ. ಹೆಚ್ಚ್ ಬಂದ್ರೆ ಇವತ್ತೇ ಮೀನ್ ಬಿಡ್ತೆ, ಅಮ್ಮನಿಗೂ ನಾನೇ ಹೇಳ್ತೆ. ಕಡ್ಮೆ ಬಂದ್ರೆ, ಇನ್ನ್ ಮೇಲೆ ವಾರ ವಾರ ಮೀನ್ ತರುದೂ ನೀವೇ, ತೊಳುದೂ ನೀವೇ."

ಮಗಳ ಆರೋಗ್ಯ, ಹೆಂಡತಿಯ ಮೀನು, ಗಂಡನ ಮರ್ಯಾದೆ ಮೂರೂ ಒಂದೇ ತಕ್ಕಡಿಗೆ ಬಿದ್ದವು. ಬಾಲಚಂದ್ರ ಒಪ್ಪಿದ.

"ಮತ್ತೆ ಆ ಬೆಕ್ಕಿನದ್ದೂ ಮಾಡ್ಸಿ," ಎಂದಳು ಗಗನಾ. "ಎಂಟ್ ವರ್ಷದಿಂದ ನಮ್ಮನೆ ಅಂಜಲ್ ತಿಂತಾ ಇತ್ತ್. ಅದಕ್ಕೂ ಎಂತಾರೂ ಆಯಿತಾ ಅಂತ ಗೊತ್ತಾಯ್ಲಿ, ಪಾಪ."

ಬಾಲಚಂದ್ರನಿಗೆ ಆ "ಪಾಪ" ಎಲ್ಲಿಯೋ ಚುಚ್ಚಿತು.

ಪರೀಕ್ಷೆ ಮಾಡುವ ಯಂತ್ರ ಅವನ ಸಹೋದ್ಯೋಗಿ ರಘುನಂದನರ ಕೋಣೆಯಲ್ಲಿತ್ತು. ಮೈಸೂರಿನವರು, ಕಾಫಿಯನ್ನೂ ಅಳೆದು ಕುಡಿಯುವ ಮನುಷ್ಯ. "ಸಂತೋಷವಾಗಿ ಮಾಡೋಣ ಕಣ್ರೀ," ಎಂದರು. "ಆದ್ರೆ ಕಂಟ್ರೋಲ್ ಬೇಕು. ಹೋಲಿಸಿ ನೋಡೋಕೆ, ಜನ್ಮದಲ್ಲಿ ಮೀನು ಮುಟ್ಟದವರ ಕೂದಲು."

"ಇಲ್ಲಿನ ನಮ್ಮ ಮಠದಾಗಿರೊ ದಾನಯ್ಯಾರದು ತರ್ತೀನ್ರಿ," ಎಂದ ಬಾಲಚಂದ್ರ ತಟ್ಟನೆ.

"ಅದು ಹೇಗ್ರೀ ಆಗುತ್ತೆ? ಅದೇ ಮನೆ, ಅದೇ ನೀರು, ಅದೇ ಗಾಳಿ ಇರಬೇಕು. ನೀವಿದ್ದೀರಲ್ಲ, ಆದರ್ಶ ಕಂಟ್ರೋಲು! ಭಾನುವಾರ ಮನೆಗೇ ಬಂದು ನಾಲ್ಕೂ ಮಾದರಿ ತಗೋತೀನಿ."

ಗುರುವಾರ, ಶುಕ್ರವಾರ ಎರಡು ದಿನ ಬಾಲಚಂದ್ರ ತಲೆ ಕೆರೆದುಕೊಂಡ. ಕೆರೆದಲ್ಲೆಲ್ಲ ಸಾಕ್ಷಿ ಸಿಗುತ್ತಿತ್ತು. ಶನಿವಾರ ಬೆಳಗ್ಗೆ ಅವನಿಗೆ ದಿವ್ಯಜ್ಞಾನವಾಯಿತು. ಕಾಶಿಯಲ್ಲಿ ತಲೆ ಬೋಳಿಸಿಕೊಳ್ಳುವುದಕ್ಕೆ ಯಾರು ಕಾರಣ ಕೇಳುತ್ತಾರೆ?

ಘಾಟಿನ ಕ್ಷೌರಿಕ ಕೇಳಿದ, ಯಾರು ತೀರಿಕೊಂಡರು ಎಂದು. "ಕೌನ್ ಗಯಾ, ಬಾಬೂ?"

"ಕೋಈ ನಹೀಂ ಗಯಾ! ಮನ್ನತ್ ಹೈ," ಎಂದ ಬಾಲಚಂದ್ರ. ಹರಕೆ.

"ತಬ್ ಮೂಛ್ ರಹನೇ ದೇತೇ ಹೈಂ," ಎಂದು ಕ್ಷೌರಿಕ ಕತ್ತಿ ತಡೆದ, ಹಾಗಾದರೆ ಮೀಸೆ ಇರಲಿ ಎಂದು. ತಲೆಯ ಜೊತೆ ಮೀಸೆಯೂ ಹೋದರೆ ಅಪ್ಪ ತೀರಿಕೊಂಡ ಲೆಕ್ಕವಂತೆ. ಮೀಸೆ ಉಳಿದರೆ ಹರಕೆಯ ಲೆಕ್ಕ. ರೋಣದಲ್ಲಿ ಅಪ್ಪ ಗಟ್ಟಿಮುಟ್ಟಾಗಿದ್ದಾರೆ, ವಾರಕ್ಕೆರಡು ಸಲ ವಿಡಿಯೊ ಕರೆಯಲ್ಲಿ ಮಗನ ಮುಖ ನೋಡುತ್ತಾರೆ. ಬಾಲಚಂದ್ರ ಮೀಸೆಯನ್ನು ಕೈಯಿಂದ ಮುಚ್ಚಿಕೊಂಡ. ಮೀನು ಸಂಶೋಧಕನಾಗಿ ಹನ್ನೆರಡು ವರ್ಷ ಕಳೆದವನಿಗೆ ಆ ಗಳಿಗೆಯಲ್ಲಿ ಒಂದು ಸಣ್ಣ ಸತ್ಯ ಹೊಳೆಯಲಿಲ್ಲ.

ಭಾನುವಾರ ಹೊಳೆಯಿತು.

ಬೆಳಗ್ಗೆ ಹತ್ತಕ್ಕೆ ರಘುನಂದನರು ಕತ್ತರಿ, ಚಿಮುಟ, ನಾಲ್ಕು ಪುಟ್ಟ ಲಕೋಟೆ ಹಿಡಿದು ಬಂದರು. ಬಾಲಚಂದ್ರನ ತಲೆ ನೋಡಿ ಹೊಸ್ತಿಲಲ್ಲೇ ನಿಂತರು. "ಅಯ್ಯೋ! ನನ್ನ ಕಂಟ್ರೋಲ್ ಎಲ್ರೀ?"

"ನೇಹಾನ ಆರೋಗ್ಯಕ್ಕ ಹರಕಿ ಹೊತ್ತಿದ್ದೆ," ಎಂದ ಬಾಲಚಂದ್ರ, ಮುಖದಲ್ಲಿ ಸಾಧ್ಯವಾದಷ್ಟು ಭಕ್ತಿ ತಂದುಕೊಂಡು. "ಏನ್ ಮಾಡೂದು, ಗಂಗಮ್ಮಗ ಅರ್ಪಣಾ ಆತು."

ಗಗನಾ ಮೌಸಿಯನ್ನು ಕಂಕುಳಲ್ಲಿ ಹಿಡಿದುಕೊಂಡು ಗಂಡನ ಮುಖವನ್ನೇ ಒಂದು ನಿಮಿಷ ನೋಡಿದಳು. "ಮೀಸೆ ಇತ್ತಲೆ," ಎಂದಳು.

"ಮೀಸೆ ಕೂದಲಲ್ಲ!" ಎಂದ ಬಾಲಚಂದ್ರ.

"ಮತ್ತೇನು, ಹುಲ್ಲೇನ್ರೀ?" ಎಂದು ರಘುನಂದನರು ಕತ್ತರಿ ಕೈಗೆತ್ತಿಕೊಂಡರು. "ಒಳ್ಳೇ ಸೊಂಪಾಗಿದೆ. ಇದೇ ಸಾಕು."

"ಅಲ್ರಿ, ಗಂಡಸಿನ ಮೀಸಿ ಅಂದ್ರ..."

"ಪಾಪಾ, ಹಿಲಿಯೇ ಮತ್!" ಎಂದು ನೇಹಾ ಅಪ್ಪನ ಎರಡೂ ಕಿವಿ ಹಿಡಿದುಕೊಂಡಳು. ಅಲ್ಲಾಡಬೇಡಿ ಎಂದು ಹೇಳಿದ್ದು ಬೆಕ್ಕಿಗೋ ಅಪ್ಪನಿಗೋ ಎಂದು ಅನುಮಾನವಾಗುವಷ್ಟು ಮುದ್ದಾಗಿತ್ತು ದನಿ. ಬಲಗಡೆಯದು ಲಕೋಟೆಗೆ ಹೋಯಿತು. ತೂಗಿ ನೋಡಿದ ರಘುನಂದನರು "ಸಾಲದು" ಎಂದರು. ಎಡಗಡೆಯದೂ ಹೋಯಿತು.

ಅದಾದ ಮೇಲೆ ಬಾಲಚಂದ್ರ ಗಲ್ಲಿಗೆ ಇಳಿಯುವಂತಿರಲಿಲ್ಲ. ಪಾನ್ ಅಂಗಡಿಯವನು ಎದ್ದು ನಿಂತು ಕೈ ಮುಗಿದ. ಹಾಲಿನವನು, "ಬಾಬೂಜಿ ಕಬ್ ಗುಜರೇ?" ಎಂದು ಅಪ್ಪ ತೀರಿಹೋದ ದಿನ ಕೇಳಿ ಕಣ್ಣೊರೆಸಿಕೊಂಡ. ರೋಣದಿಂದ ವಿಡಿಯೊ ಕರೆ ಬಂದಾಗ ಅಪ್ಪ ತೆರೆಯನ್ನು ಬಹಳ ಹೊತ್ತು ದಿಟ್ಟಿಸಿದರು.

"ಯಾರು ಸತ್ತಾರಪಾ?"

"ಯಾರೂ ಇಲ್ರಿ."

"ಹಂಗಾರ ನಾನ ಇರಬೇಕು," ಎಂದು ಅಪ್ಪ ಫೋನು ಅವ್ವನ ಕೈಗೆ ಕೊಟ್ಟು ಎದ್ದು ಹೋದರು.

ಸಂತೋಷಪಟ್ಟವರು ಒಬ್ಬರೇ, ಮಠದ ದಾಸೋಹ ನೋಡಿಕೊಳ್ಳುವ ದಾನಯ್ಯ. ಬಾಗಲಕೋಟೆ ಕಡೆಯವರು. ಶ್ರಾವಣ ಸೋಮವಾರ ಮಠದಲ್ಲಿ ಬಾಲಚಂದ್ರನಿಂದ 'ಆಹಾರ ಶುದ್ಧಿ' ಕುರಿತು ಉಪನ್ಯಾಸ ಏರ್ಪಾಡಾಗಿತ್ತು. ಅವನ ಬೋಳುತಲೆ ಕಂಡು ದಾನಯ್ಯ ವೇದಿಕೆಯ ಮೇಲೆಯೇ ಗದ್ಗದಿತರಾದರು. "ನೋಡ್ರಿ ಶರಣರ! ಮೀನ ತಿನ್ನೋ ಮನಿ ಅಳಿಯಾ. ಹನ್ನೆರಡು ವರ್ಷ ಮೀನಿನ ನಡುವನ ಬಾಳೇವ. ಒಂದು ಹನಿ ಸಾರು ಮುಟ್ಟಿಲ್ಲ ಇವರು!" ಎಂದು ಕಡುಗೆಂಪು ಶಾಲು ಹೊದಿಸಿದರು. 'ಆಹಾರಶುದ್ಧಿ ಭೂಷಣ' ಎಂಬ ಬಿರುದು ಕೊಟ್ಟರು. ಶಾಲು ಬೆಚ್ಚಗಿತ್ತು. ಬಾಲಚಂದ್ರ ಬೆವರಿದ. ಸಾರು ಮುಟ್ಟಿಲ್ಲ ಎಂಬುದು ನಿಜವೇ ಆಗಿತ್ತು. ಅವನು ಹುರಿದದ್ದನ್ನು ಮಾತ್ರ ಮುಟ್ಟಿದ್ದ.

ಮುಂದಿನ ಭಾನುವಾರ ದಾನಯ್ಯ ಪ್ರಸಾದ, ಸನ್ಮಾನದ ಫೋಟೊ ಹಿಡಿದುಕೊಂಡು ಮನೆಗೆ ಬಂದರು. ಹಿಂದೆಯೇ ರಘುನಂದನರು ಬಂದರು. ಅವರ ಮೀಸೆ ಬಲಗಡೆ ಅರ್ಧ ಇರಲಿಲ್ಲ.

"ಇದೇನ್ರಿ ನಿಮ್ಮದೂ ಹರಕಿನಾ?" ಎಂದರು ದಾನಯ್ಯ.

"ಹೇಳ್ತೀನಿ," ಎಂದು ರಘುನಂದನರು ಕುರ್ಚಿಯ ತುದಿಯಲ್ಲಿ ಕೂತು ಹಾಳೆ ಬಿಡಿಸಿದರು. "ಹತ್ತು ಲಕ್ಷಕ್ಕೆ ಒಂದು ಪಾಲು ದಾಟಬಾರದು, ಅದು ಗೆರೆ. ಗಗನಾ ಅವರದು ಅರ್ಧ ಪಾಲು. ನೇಹಾದು ಕಾಲು. ಯಾವ ಯೋಚನೆಯೂ ಇಲ್ಲ."

ಬಾಲಚಂದ್ರನ ಕಣ್ಣಲ್ಲಿ ನೀರು ಬಂತು. ಮಗಳನ್ನು ಎಳೆದು ಬೋಳುತಲೆಗೆ ಒತ್ತಿಕೊಂಡ. "ಚುಭ್ ರಹಾ ಹೈ, ಪಾಪಾ," ಎಂದು ಅವಳು ತಪ್ಪಿಸಿಕೊಂಡಳು, ಚುಚ್ಚುತ್ತಿದೆ ಎಂದು. ಆ ಒಂದು ಕ್ಷಣ ಅವನು ಉಳಿದ ಲಕೋಟೆಗಳನ್ನು ಮರೆತೇ ಬಿಟ್ಟಿದ್ದ.

"ಬೆಕ್ಕು," ಎಂದರು ರಘುನಂದನರು, "ಕಾಲಿಗಿಂತಲೂ ಕಡಿಮೆ. ಎಂಟು ವರ್ಷ ವಾರವಾರ ಅಂಜಲ್ ತಿಂದ ಪ್ರಾಣಿ ಇದಲ್ಲ. ಬಂಗುಡೆ ತಲೆ, ಹಾಲು ಅನ್ನ, ಅಷ್ಟೆ." ಗಂಟಲು ಸರಿಮಾಡಿಕೊಂಡರು. "ಇನ್ನು ಕಂಟ್ರೋಲು. ಒಂದೂಮುಕ್ಕಾಲು."

ಬಾಲಚಂದ್ರನ ಕೈ ಮೀಸೆಯಿದ್ದ ಜಾಗಕ್ಕೆ ಹೋಯಿತು.

"ಅದು... ಪ್ರಯೋಗಾಲಯದಾಗ ದಿನಾ ಪಾದರಸದ ಜೊತೀನ ಇರ್ತೀನಲ್ರಿ," ಎಂದ ಬಾಲಚಂದ್ರ.

"ನಾನೂ ಹಾಗೇ ಅಂದ್ಕೊಂಡೆ ಕಣ್ರೀ. ನಾನೂ ಅಲ್ಲೇ ಇರೋದು. ಅದಕ್ಕೇ ನನ್ನದನ್ನೂ ಕತ್ತರಿಸಿ ಹಾಕಿದೆ. ಸೊನ್ನೆ ಬಂತು. ಮೂರು ಸಲ ಮಾಡಿದೆ." ರಘುನಂದನರು ಉಳಿದ ಅರ್ಧ ಮೀಸೆಯನ್ನು ನೋವಿನಿಂದ ಸವರಿಕೊಂಡರು.

ದಾನಯ್ಯ ಒಮ್ಮೆ ಹಾಳೆ ನೋಡಿದರು, ಒಮ್ಮೆ ಫೋಟೊ ನೋಡಿದರು. "ಅಂದ್ರ, ಇವರು... ಮೀನ?"

ಬಾಲಚಂದ್ರ ಎದ್ದು ನಿಂತ. ಕಾಶಿಯಲ್ಲಿ ಹನ್ನೆರಡು ವರ್ಷ ಇದ್ದದ್ದು ವ್ಯರ್ಥವಾಗಬಾರದಲ್ಲ! "ಹೌದ್ರಿ, ತಿಂದೆ. ದೊಡ್ಡ ಮೀನಿನಾಗ ವಿಷ ಐತಿ ಅಂತ ನನಗ ಗೊತ್ತಿತ್ತು. ಆ ತುಂಡು ನಾ ತಿನ್ನದಿದ್ರ ಹೆಂಡತಿ ಮಗಳು ತಿಂತಿದ್ರು. ಅದಕ್ಕ ಇವರ ಲೆಕ್ಕ ಕಡಿಮಿ, ನನ್ನ ಲೆಕ್ಕ ಜಾಸ್ತಿ. ಲೋಕ ಉಳಿಸಾಕ ಶಿವ ಹಾಲಾಹಲ ಕುಡಿಲಿಲ್ಲೇನು? ಅಂಥಾದ್ದ ಇದೂ!"

"ಶಿವ ಕುಡ್ದ್ ಬೆಕ್ಕಿನ್ ತಲೆ ಮೇಲೆ ಹಾಕ್ಲಿಲ್ಲ," ಎಂದಳು ಗಗನಾ.

ನೀಲಕಂಠ ಕುರ್ಚಿಗೆ ಕುಸಿದ. "ನಿನಗ... ಯಾವಾಗ ಗೊತ್ತಾತು?"

"ಮೊದಲ್ನೇ ದಿನವೇ. ಯಾವ್ ಬೆಕ್ಕ್ ಮಾರಾಯ್ರೆ, ಮೀನ್ ತಿಂದ್ ತಿರ್ಗಿ ಮುಚ್ಚಳ ಮುಚ್ಚಿಟ್ಟ್ ಹೋತ್ತ್? ಮೇಲಿಂದ ಮೀನಿನ ದಿನ ನಿಮ್ಮ್ ವಿಭೂತಿ ಮಧ್ಯಾಹ್ನವೂ ಹೊಸತಾಗಿ ಇರ್ತಿತ್ತ್."

"ಮತ್ತ ಎಂಟು ವರ್ಷ ಯಾಕ ಸುಮ್ಮನಿದ್ದಿ?"

"ತಿನ್ಲಿ ಅಂತ. ಹೇಳಿರೆ ನಾಚ್ಕೊಂಡ್ ಬಿಡ್ತ್ರಿ ಅಂತ ಹೇಳ್ಲಿಲ್ಲ, ನಿಮ್ಗೂ ಸೇರ್ಸಿ ನಾಕ್ ತುಂಡ್ ತರ್ತಿದ್ದೆ. ಕದ್ದ್ ತಿಂದವ್ರು ನನ್ನ್ ಮೀನ್ ಬಂದ್ ಮಾಡುಕೆ ಬಂದದ್ದಕ್ಕೆ ಸಿಟ್ಟ್ ಬಂತ್. ಪಾದರಸ ಇಷ್ಟ್ ಇತ್ತ್ ಅಂತ ಗೊತ್ತಿದ್ದಿದ್ರೆ ಅಂಜಲ್ ತರ್ತಿರ್ಲಿಲ್ಲ." ಅವಳ ದನಿ ಸ್ವಲ್ಪ ತಗ್ಗಿತು. ಆಮೇಲೆ ನರ್ಸಿನ ದನಿ ಬಂತು. "ಇನ್ನ್ ಆರ್ ತಿಂಗ್ಳ್ ನಿಮ್ಗೆ ಮೀನ್ ಇಲ್ಲ. ಲೆಕ್ಕ ಇಳಿವರಿಗೆ ರೊಟ್ಟಿ ಪಲ್ಯ."

"ಪಾಪಾ ಚೋರ್ ಹೈಂ?" ಎಂದು ಕೇಳಿದಳು ನೇಹಾ, ಅಪಾರ ಗೌರವದಿಂದ.

ಬಾಲಚಂದ್ರ ಗೋಡೆಯ ಮೊಳೆಗೆ ನೇತುಹಾಕಿದ್ದ ಕಡುಗೆಂಪು ಶಾಲನ್ನು ತೆಗೆದು ದಾನಯ್ಯನವರ ಮುಂದೆ ಹಿಡಿದ. "ಇದನ್ನ ತಗೊಂಡು ಹೋಗ್ರಿ. ನಾ ಯೋಗ್ಯ ಅಲ್ಲ."

ದಾನಯ್ಯ ಶಾಲು ತೆಗೆದುಕೊಂಡರು. ಒಮ್ಮೆ ಕೊಡವಿದರು. "ಮಠ ಒಮ್ಮೆ ಕೊಟ್ಟದ್ದು ವಾಪಸ್ ತಗೊಳ್ಳಾಂಗಿಲ್ರಿ," ಎಂದರು. "ಆದ್ರ ಎಂಟು ವರ್ಷ ಮೀನಿನ ಮನ್ಯಾಗಿದ್ದು, ಆ ತುಂಡು ಮುಟ್ಟದನ, ಬೈಗಳಾ ತಿಂದವರು ಒಬ್ಬರದಾರ." ಕಿಟಕಿಯ ಕಟ್ಟೆಗೆ ಹೋಗಿ, ಮೌಸಿಗೆ ಶಾಲು ಹೊದಿಸಿ, ಕೈ ಮುಗಿದು, ಮೆಟ್ಟಿಲಿಳಿದರು.

ಮೌಸಿ ಎರಡು ಸುತ್ತು ತಿರುಗಿ ಶಾಲಿನ ಮೇಲೆ ಮಲಗಿತು. ಈಗಲೂ ಅಲ್ಲಿಯೇ ಮಲಗುತ್ತದೆ.

ಬಾಲಚಂದ್ರನಿಗೆ ಕೂದಲು ಬಂದಿದೆ, ಮೀಸೆಯೂ ಬಂದಿದೆ. ಭಾನುವಾರ ಬೆಳಗ್ಗೆ ಏಳಕ್ಕೆ ಮಂಡಿಗೆ ಹೋಗುತ್ತಾನೆ. ಮಫ್ಲರು ಸುತ್ತಿಕೊಳ್ಳುವುದಿಲ್ಲ. ಪೆನ್ನಿನ ತುದಿಯಿಂದ ಕಿವಿರು ಎತ್ತಿ ನೋಡಿ, ಸಣ್ಣ ಬಂಗುಡೆಗಳನ್ನೇ ಆರಿಸಿ ತರುತ್ತಾನೆ. ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು ತೊಳೆಯುತ್ತಾನೆ, ತಲೆಗಳನ್ನು ಮೌಸಿಗೆ ಹಾಕುತ್ತಾನೆ, ಕೈ ತೊಳೆದುಕೊಂಡು ರೊಟ್ಟಿ ಪಲ್ಯ ಉಣ್ಣುತ್ತಾನೆ.